ಹಣೆಯೊಳಗಿನ ಬರಹ

ನಮ್ಮ ಮಕ್ಕಳಲ್ಲಿ ಯಾರಾದರೂ ಗಣಿತದಲ್ಲಿ ಬಹುಮಾನ ತಂದರೆ ಲಂಡನ್ನಿನ ನಮ್ಮ ಕನ್ನಡ ಬಳಗದ ಊಟದ ಸಾಲಿನಲ್ಲಿ ಒಂದು ಮಾತು ಕೇಳಿಬರುತ್ತದೆ: "ಅಪ್ಪ ಎಂಜಿನಿಯರ್ ಅಲ್ವೇ, ರಕ್ತದಲ್ಲೇ ಬಂದಿದೆ." ಆ ಮಗು ವಾರವಿಡೀ ಟ್ಯೂಷನ್ನಿಗೆ ಓಡಾಡಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಾತು ಪೂರ್ತಿ ಸುಳ್ಳೇನಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಮಿದುಳುಗಳು ಉಳಿದ ಅವಳಿಗಳ ಮಿದುಳುಗಳಿಗಿಂತ ಹೆಚ್ಚಾಗಿ ಒಂದನ್ನೊಂದು ಹೋಲುತ್ತವೆ. 2020ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ತಂಡ 50,000ಕ್ಕೂ ಹೆಚ್ಚು ಜನರ ಸ್ಕ್ಯಾನ್ ಮತ್ತು ಡಿಎನ್‌ಎ ಪರಿಶೀಲಿಸಿ, ಮಿದುಳಿನ ಹೊರಪದರದ ವಿಸ್ತಾರ, ದಪ್ಪಗಳಿಗೆ ನಂಟಿರುವ ಹಲವಾರು ತಾಣಗಳನ್ನು ಡಿಎನ್‌ಎಯಲ್ಲಿ ಗುರುತಿಸಿತು. ಒಂದೊಂದರ ಪಾಲೂ ಚಿಟಿಕೆಯಷ್ಟು. ಅಕೌಂಟೆಂಟ್ ಆಗಿಸುವ ಜೀನ್ ಅಲ್ಲೆಲ್ಲೂ ಇಲ್ಲ. ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಐಸ್‌ಲ್ಯಾಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ. ತಂದೆತಾಯಿಯಲ್ಲಿದ್ದು ಮಗುವಿಗೆ ದಾಟದ ಜೀನ್‌ಗಳಿಗೂ ಆ ಮಗುವಿನ ಓದಿಗೂ ನಂಟು ಕಂಡಿತು. ಅಂದರೆ ರಕ್ತದಲ್ಲಿ ಬಾರದ್ದು ಮನೆಯ ವಾತಾವರಣದಲ್ಲಿ ಬಂತು!

ಇನ್ನು ನಮ್ಮ ಲಂಡನ್ನಿನದೇ ಉದಾಹರಣೆ. ಕಪ್ಪು ಟ್ಯಾಕ್ಸಿಯ ಲೈಸೆನ್ಸ್ ಬೇಕಾದರೆ 'ನಾಲೆಡ್ಜ್' ಪರೀಕ್ಷೆ ಪಾಸಾಗಬೇಕು. ನಗರದ ನಡುವಿನ ಚೇರಿಂಗ್ ಕ್ರಾಸ್ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳು ಬಾಯಿಪಾಠವಾಗಬೇಕು. ಮಿದುಳಿನಲ್ಲಿ ದಾರಿ ನೆನಪಿಡುವುದಕ್ಕೆ ಮುಖ್ಯ ಭಾಗವಾದ ಹಿಪೊಕ್ಯಾಂಪಸ್‌ನ ಹಿಂಭಾಗ ಈ ಚಾಲಕರಲ್ಲಿ ದೊಡ್ಡದಿದೆ ಎಂದು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಎಲಿನಾರ್ ಮ್ಯಾಗ್ವೈರ್ 2000ದಲ್ಲೇ ತೋರಿಸಿದ್ದರು. ಹುಟ್ಟಿನಿಂದಲೇ ಹಾಗಿದ್ದವರು ಟ್ಯಾಕ್ಸಿಗೆ ಬಂದರೋ, ಟ್ಯಾಕ್ಸಿಗೆ ಬಂದು ಹಾಗಾದರೋ? ಉತ್ತರಕ್ಕಾಗಿ ಅವರ ತಂಡ 79 ಅಭ್ಯರ್ಥಿಗಳ ಬೆನ್ನುಹತ್ತಿತು. ಶುರುವಿನಲ್ಲಿ ಅವರ ಹಿಪೊಕ್ಯಾಂಪಸ್ ಇತರರ ಹಾಗೆಯೇ ಇತ್ತು. ವರ್ಷಗಳ ಓದಿನ ನಂತರ ಪಾಸಾದ 39 ಮಂದಿಯಲ್ಲಿ ಮಾತ್ರ ಅದರ ಹಿಂಭಾಗ ಬೆಳೆದಿತ್ತು, ಫೇಲಾದವರಲ್ಲಿ ಇಲ್ಲ. ಹಾಗಾದರೆ ಬೆಳೆಯುವ ಗುಣವೇ ಕೆಲವರಿಗೆ ಹುಟ್ಟಿನಿಂದ ಬಂದಿರಬಹುದಲ್ಲ? ಇರಬಹುದು, ಆ ಸಾಧ್ಯತೆಯನ್ನು ಸಂಶೋಧಕರೂ ತಳ್ಳಿಹಾಕಲಿಲ್ಲ. (ಗಳಿಕೆಗೆ ಬೆಲೆಯೂ ಇತ್ತು: ಒಮ್ಮೆ ನೋಡಿದ ಚಿತ್ರವನ್ನು ನೆನಪಿನಿಂದ ಬರೆಯುವುದರಲ್ಲಿ ಪಾಸಾದವರು ಹಿಂದೆ ಬಿದ್ದರು.)

ಇಷ್ಟು ತೊಡಕಿನ ವಿಷಯವನ್ನು ಭಾರತದ ನಮ್ಮ ಊರುಗಳಲ್ಲಿ ಬೆರಳಚ್ಚು ನೋಡಿ ಬಗೆಹರಿಸುತ್ತಾರೆ. ಡಿಎಂಐಟಿ ಎಂಬ ಪರೀಕ್ಷೆ. ಮಗುವಿನ ಹತ್ತು ಬೆರಳು ಒತ್ತಿಸಿದರೆ ಮಿದುಳಿನ ಯಾವ ಭಾಗ ಚುರುಕು, ಯಾವ ವೃತ್ತಿ ಒಗ್ಗುತ್ತದೆ ಎಂಬ ಬಣ್ಣದ ವರದಿ ಕೈಗೆ ಬರುತ್ತದೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ರಜೆಗೆ ಹೋದಾಗ ಅಜ್ಜ ಅಜ್ಜಿ ಪ್ರೀತಿಯಿಂದ ಮಾಡಿಸಲು ಹೊರಟರೆ ನಯವಾಗಿ ತಪ್ಪಿಸಿ. ಕುಂಬಾರನ ಮಗ ಕುಂಬಾರನೇ ಆಗಲಿ ಎಂದು ಶತಮಾನಗಳ ಕಾಲ ಕಟ್ಟಿಹಾಕಿದ ಸಮಾಜದಿಂದ ಬಂದವರು ನಾವು. ರಕ್ತದ ಮಾತನ್ನು ನಾವಾದರೂ ತುಸು ಹುಷಾರಾಗಿ ಆಡೋಣ.

ಮುಂದಿನ ಸಂಚಿಕೆಯಲ್ಲಿ ಮಕ್ಕಳ ವೃತ್ತಿ ಆಯ್ಕೆಯ ಬಗ್ಗೆ ವಿಶೇಷ ಪುಟಗಳಿವೆ. ಡಾಕ್ಟರುಗಳು, ಸಾಫ್ಟ್‌ವೇರಿನವರು ಆಗಲೇ ಧಾರಾಳವಾಗಿ ಬರೆದು ಕಳಿಸಿದ್ದಾರೆ. ಮನೆತನದಲ್ಲಿ ಯಾರೂ ಮಾಡದ ಕೆಲಸ ಹಿಡಿದವರು, ಬಡಗಿಯೋ ಬಾಣಸಿಗರೋ ರೈಲು ಚಾಲಕರೋ, ನಮ್ಮಲ್ಲಿದ್ದರೆ ದಯವಿಟ್ಟು ಬರೆಯಿರಿ. ಮೊದಲ ಪುಟ ನಿಮಗೇ ಮೀಸಲು.

- ಸಂಪಾದಕ