‘ಹ್ಯೂಮನ್‌ಲಿ’ ಎಂಬ ಮಾತಿನ ಅಳತೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ನೋಡಿಕೊಡಲು ಕಳುಹಿಸಿದ್ದ ಅನುವಾದ ತಲುಪಿತು. ಬಹುಮಟ್ಟಿಗೆ ಚೆನ್ನಾಗಿ ಬಂದಿದೆ. ಆದರೆ ರೋಗಿಯನ್ನು ಉಳಿಸಿಕೊಳ್ಳಲಾಗದ ವೈದ್ಯರು ಮನೆಯವರೆದುರು ಆಡುವ ಮಾತನ್ನು ನೀನು ‘ಮಾನವೀಯವಾಗಿ ಸಾಧ್ಯವಾದದ್ದನ್ನೆಲ್ಲ ಮಾಡಿದೆವು’ ಎಂದು ಬರೆದಿರುವಲ್ಲಿ ನನ್ನ ಕಣ್ಣು ನಿಂತಿತು. ಮೂಲದಲ್ಲಿರುವುದು ‘ಹ್ಯೂಮನ್‌ಲಿ ಪಾಸಿಬಲ್’. ನೀನು ಕೊಟ್ಟಿರುವುದು ‘ಹ್ಯೂಮೇನ್‌ಲಿ’ ಎಂಬ ಬೇರೊಂದು ಪದದ ಅರ್ಥ.

ಎರಡಕ್ಕೂ ಬೇರು ಲ್ಯಾಟಿನ್ನಿನ ‘ಹೂಮಾನುಸ್’ ಎಂಬ ಒಂದೇ ಪದ. ‘ಹ್ಯೂಮನ್’, ‘ಹ್ಯೂಮೇನ್’ ಎಂಬವು ಇಂಗ್ಲಿಷಿನಲ್ಲಿ ಬಹುಕಾಲ ಒಂದೇ ಪದದ ಎರಡು ಕಾಗುಣಿತಗಳಾಗಿದ್ದು, 18ನೆಯ ಶತಮಾನದ ಹೊತ್ತಿಗೆ ಬೇರೆ ಬೇರೆ ಅರ್ಥ ಹಿಡಿದು ನಿಂತವು. ಈಗ ಬರಹದಲ್ಲಿ ಅವುಗಳ ನಡುವೆ ಕೊನೆಯ ಒಂದು ‘ಇ’ (e) ಅಕ್ಷರದ ಅಂತರವಿದೆ. ಉಚ್ಚಾರಣೆಯಲ್ಲಿ ಮೊದಲನೆಯದಕ್ಕೆ ‘ಹ್ಯೂ’ ಮೇಲೆ ಒತ್ತು, ಎರಡನೆಯದಕ್ಕೆ ‘ಮೇನ್’ ಮೇಲೆ. ಸಾಕಿದ ಪ್ರಾಣಿಯನ್ನು ದಯೆಯಿಂದ ನಡೆಸಿಕೊಂಡರೆ ಅದು ‘ಹ್ಯೂಮೇನ್‌ಲಿ’. ‘ಹ್ಯೂಮನ್‌ಲಿ’ಯಲ್ಲಿ ದಯೆಯ ಮಾತೇ ಇಲ್ಲ, ಅದು ಶಕ್ತಿಯ ಮೇರೆಯನ್ನು ಹೇಳುತ್ತದೆ.

ಆ ಮೇರೆಯನ್ನು ಹೇಳಲು ನಮ್ಮ ಭಾಷೆಗೆ ಕ್ರಿಯಾವಿಶೇಷಣವೇ ಬೇಕಿಲ್ಲ ಎಂಬುದನ್ನು ಗಮನಿಸು. ‘ನನ್ನಿಂದಾಗದು’, ‘ಅವನ ಕೈಲಾಗದು’ ಎಂದು ನಾವು ಸಾಮರ್ಥ್ಯವನ್ನು ವಿಭಕ್ತಿಯಲ್ಲೇ ಹೇಳಿಬಿಡುತ್ತೇವೆ. ಹಾಗಾಗಿ ‘ಮನುಷ್ಯರ ಕೈಲಾಗುವುದನ್ನೆಲ್ಲ ಮಾಡಿದೆವು’ ಎಂದರೆ ಅರ್ಥವೂ ಉಳಿಯುತ್ತದೆ, ಮಾತೂ ಕನ್ನಡದ್ದಾಗುತ್ತದೆ. ನಿಷೇಧದಲ್ಲಾದರೆ ‘ಇದು ಮನುಷ್ಯಮಾತ್ರದವರಿಂದ ಆಗುವ ಕೆಲಸವಲ್ಲ’ ಎಂದು ನಮ್ಮ ಹಿರಿಯರು ಆಡುತ್ತಿದ್ದುದುಂಟು. ‘ನಮ್ಮ ಕೈಲಾದದ್ದನ್ನೆಲ್ಲ’ ಎಂದು ಬರೆಯುವ ಆಸೆ ನಿನಗೆ ಬರಬಹುದು, ಕಿವಿಗೆ ಅದು ಇನ್ನೂ ಸಹಜವಾಗಿ ಕೇಳುತ್ತದೆ. ಆದರೆ ಅಲ್ಲಿ ವೈದ್ಯರು ತಮ್ಮ ಶಕ್ತಿಯನ್ನಷ್ಟೇ ಅಳೆದಂತಾಗುತ್ತದೆ. ಬೇರೆಡೆಗೆ ಕರೆದೊಯ್ದಿದ್ದರೆ ಜೀವ ಉಳಿಯುತ್ತಿತ್ತೇನೋ ಎಂಬ ಸಂಕಟ ಮನೆಯವರಲ್ಲಿ ಹಾಗೆಯೇ ಉಳಿಯುತ್ತದೆ. ‘ಹ್ಯೂಮನ್‌ಲಿ’ ಎಂದಾಗ ಯಾವ ಮನುಷ್ಯನಿಂದಲೂ ಇದಕ್ಕಿಂತ ಹೆಚ್ಚಿನದು ಆಗುತ್ತಿರಲಿಲ್ಲ ಎಂದು ವೈದ್ಯರು ಹೊಣೆ ಹೊತ್ತು ಹೇಳುತ್ತಿದ್ದಾರೆ.

‘ಹ್ಯೂಮನ್‌ಲಿ ಸ್ಪೀಕಿಂಗ್’ ಎಂಬ ಇನ್ನೊಂದು ಬಳಕೆಯೂ ಇದೆ. ದೈವದ ಮೇಲೆ ಭಾರ ಹಾಕಿದವರು, ಮನುಷ್ಯರ ದೃಷ್ಟಿಯಿಂದ ನೋಡಿದರೆ ಇನ್ನು ಆಸೆಯಿಲ್ಲ ಎನ್ನುವಾಗ ಆಡುವ ಮಾತು ಅದು.

ಈ ಪದದ ಭಾರ ತಿಳಿದ ಮೇಲೆ, ಕಚೇರಿಯ ಪತ್ರಗಳಲ್ಲಿ ‘ಆ್ಯಸ್ ಸೂನ್ ಆ್ಯಸ್ ಹ್ಯೂಮನ್‌ಲಿ ಪಾಸಿಬಲ್’ ಎಂದು ಬರೆಯುವ ಅಭ್ಯಾಸವನ್ನು ನೀನು ಬಿಡಬೇಕೆಂದು ನನ್ನ ಆಸೆ. ನಾಳೆ ಸಂಜೆಯೊಳಗೆ ಆಗುವ ಕೆಲಸವಾದರೆ ನಾಳೆ ಸಂಜೆ ಎಂದೇ ಬರೆ. ಅನುವಾದದ ಆ ಪುಟವನ್ನು ತಿದ್ದಿ ಮತ್ತೊಮ್ಮೆ ಕಳುಹಿಸು. ಹಿಂದಿನ ಎರಡು ವಾಕ್ಯಗಳೊಡನೆ ಓದಿ ನೋಡಬೇಕು.

ಇಂತಿ,
ನಿನ್ನ ದೊಡ್ಡಪ್ಪ