ಗೆರೆ ತಾಗಿದರೆ ದಾರಿಯಾಗದು

ಮಾನ್ಯ ಸಂಪಾದಕರೇ,

ಓಪನ್‌ಸ್ಟ್ರೀಟ್‌ಮ್ಯಾಪ್ ಶಿಬಿರಗಳ ವರದಿಗಳಲ್ಲಿ ‘ಒಂದೇ ದಿನದಲ್ಲಿ ಇಷ್ಟು ಸಾವಿರ ಕಟ್ಟಡ ಸೇರಿಸಿದೆವು’ ಎಂಬ ಲೆಕ್ಕವೇ ಎದ್ದು ಕಾಣುತ್ತದೆ. 2004ರಿಂದ ಸ್ವಯಂಸೇವಕರು ಅಂತರಜಾಲದಲ್ಲಿ ಕಟ್ಟುತ್ತ ಬಂದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಇದು, ಹೊಸಬರು ಬರಲೇಬೇಕು. ಆದರೆ ಎಣಿಕೆಯ ಬೆನ್ನು ಹತ್ತಿ ಗೀಚಿದ್ದನ್ನು ತಿದ್ದುವುದು ಖಾಲಿ ಜಾಗದಲ್ಲಿ ಹೊಸದಾಗಿ ಬಿಡಿಸುವುದಕ್ಕಿಂತ ಕಷ್ಟದ ಕೆಲಸ.

ರಸ್ತೆಯನ್ನೇ ತೆಗೆದುಕೊಳ್ಳಿ. ತೆರೆಯ ಮೇಲೆ ಎರಡು ಗೆರೆ ತಾಗಿದಂತೆ ಕಂಡ ಮಾತ್ರಕ್ಕೆ ಅವು ಕೂಡಿವೆ ಎಂದಲ್ಲ. ಎರಡಕ್ಕೂ ಸೇರಿದ ಒಂದು ಬಿಂದು, ಅಂದರೆ ನೋಡ್, ಇರಲೇಬೇಕು. ದಾರಿ ಹುಡುಕುವ ತಂತ್ರಾಂಶ ಆ ಬಿಂದುವಿನ ಮೂಲಕವೇ ಒಂದು ರಸ್ತೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಅರ್ಧ ಮೀಟರ್ ಸಂದು ಉಳಿದರೂ ಅದರ ಪಾಲಿಗೆ ಅಲ್ಲಿ ದಾರಿಯಿಲ್ಲ. ಆಂಬುಲೆನ್ಸನ್ನು ಊರೆಲ್ಲ ಸುತ್ತಿಸುತ್ತದೆ. ಬ್ರೌಸರಿನಲ್ಲೇ ನಕ್ಷೆ ತಿದ್ದುವ ಐಡಿ ಎಡಿಟರ್‌ನಲ್ಲಿ ಹೊಸ ರಸ್ತೆಯ ಕೊನೆಯ ಕ್ಲಿಕ್ಕು ಹಳೆಯ ಗೆರೆಯ ಮೇಲೇ ಬೀಳಬೇಕು. ಮೇಲ್ಸೇತುವೆಯಲ್ಲಿ ಇದರ ತದ್ವಿರುದ್ಧ: ಅಲ್ಲಿ ಬಿಂದು ಕೂಡಲೇಬಾರದು. ಸೇತುವೆಯಷ್ಟು ತುಂಡನ್ನು ಬೇರ್ಪಡಿಸಿ ‘ಬ್ರಿಡ್ಜ್’ ಟ್ಯಾಗು, ಅಂದರೆ ಅದು ಏನೆಂದು ಹೇಳುವ ಗುರುತು, ಹಾಕಿ, ಯಾವುದು ಮೇಲೆ ಯಾವುದು ಕೆಳಗೆ ಎಂದು ಹೇಳುವ ‘ಲೇಯರ್’ 1 ಎಂದು ಕೊಡಬೇಕು. ಬಿಂದು ಕೂಡಿಸಿಬಿಟ್ಟರೆ ಮೇಲಿನಿಂದ ಕೆಳಗಿನ ರಸ್ತೆಗೆ ಧುಮುಕಿ ಎನ್ನುತ್ತದೆ ನಕ್ಷೆ!

ಹಿನ್ನೆಲೆಯಲ್ಲಿಟ್ಟು ಗೆರೆ ಎಳೆಯುವ ಉಪಗ್ರಹ ಚಿತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಗುಡ್ಡಗಾಡಿನಲ್ಲಿ ಚಿತ್ರ ಹಲವು ಮೀಟರ್ ಸರಿದಿರುತ್ತದೆ. ಹಿನ್ನೆಲೆ ಬದಲಿಸಿದರೆ ಅದೇ ರಸ್ತೆ ಇನ್ನೊಂದೆಡೆ ಕಾಣುತ್ತದೆ. ಹೊಸಬರು ಮಾಡುವ ಮೊದಲ ತಪ್ಪೆಂದರೆ ಚಿತ್ರಕ್ಕೆ ಹೊಂದುವಂತೆ ಹಳೆಯ ರಸ್ತೆಗಳನ್ನೆಲ್ಲ ಎಳೆದುಬಿಡುವುದು. ಸರಿಸಬೇಕಾದದ್ದು ಚಿತ್ರವನ್ನು. ಬೇರೆ ಬೇರೆ ಜನ ಓಡಾಡಿ ಏರಿಸಿದ ಜಿಪಿಎಸ್ ಜಾಡುಗಳನ್ನು ತೆರೆದು, ಅವುಗಳ ಗುಂಪಿನ ನಡುಮಧ್ಯಕ್ಕೆ ರಸ್ತೆ ಬರುವಂತೆ ಹಿನ್ನೆಲೆಯನ್ನು ಜರುಗಿಸಬೇಕು. ಒಂದೇ ಜಾಡು ಸಾಲದು; ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಅದೂ ಅಡ್ಡಾದಿಡ್ಡಿಯಾಗಿರುತ್ತದೆ. ಓರೆಯಾಗಿ ತೆಗೆದ ಚಿತ್ರದಲ್ಲಿ ಕಟ್ಟಡ ವಾಲಿದಂತಿರುತ್ತದೆ. ಆಗ ಚಾವಣಿಯ ಅಂಚು ಹಿಡಿದು ಬಿಡಿಸಿ, ಐಡಿಯಲ್ಲಿ ‘ಕ್ಯೂ’ ಕೀಲಿ ಒತ್ತಿ ಮೂಲೆಗಳನ್ನು ಚೌಕ ಮಾಡಿ, ಇಡೀ ಆಕೃತಿಯನ್ನು ಗೋಡೆಯ ಬುಡಕ್ಕೆ ಇಳಿಸಬೇಕು.

ಹೆಸರು ಮಾತ್ರ ಆಕಾಶದಿಂದ ಕಾಣುವುದಿಲ್ಲ. ಗೂಗಲ್ ಮ್ಯಾಪ್ಸ್ ನೋಡಿ ಬರೆದುಕೊಳ್ಳುವುದು ಪರವಾನಗಿಗೆ ವಿರುದ್ಧ, ಗೊತ್ತಾದರೆ ಅಳಿಸಿಹಾಕುತ್ತಾರೆ. ಸ್ಥಳಕ್ಕೆ ಹೋಗಿ ಫಲಕ ಓದುವುದೇ ಸರಿಯಾದ ದಾರಿ. ಆಂಡ್ರಾಯ್ಡ್ ಫೋನಿನ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ರಸ್ತೆ ಡಾಂಬರೋ ಮಣ್ಣೋ, ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಒಂದೊಂದಾಗಿ ಕೇಳುತ್ತದೆ; ಟ್ಯಾಗುಗಳ ಗಂಧವಿಲ್ಲದವರೂ ಉತ್ತರಿಸಬಹುದು. ಕನ್ನಡದ ಹೆಸರಿಗೆ ಬೇರೆಯೇ ಟ್ಯಾಗಿದೆ: ‘ನೇಮ್’ ಆದಮೇಲೆ ಕೋಲನ್ ಹಾಕಿ ಕೆ, ಎನ್ ಎಂಬ ಎರಡಕ್ಷರ. ಇದನ್ನು ತುಂಬುವವರು ಕಡಿಮೆ, ಆಮೇಲೆ ನಕ್ಷೆಯಲ್ಲಿ ಕನ್ನಡ ಇಲ್ಲವೆಂದು ಗೊಣಗುವವರೇ ಹೆಚ್ಚು.

ಇನ್ನು, ಇದ್ದದ್ದನ್ನು ಅಳಿಸಿ ಹೊಸದಾಗಿ ಬಿಡಿಸಬೇಡಿ. ಯಾರು ಯಾವಾಗ ಏನು ತಿದ್ದಿದರು ಎಂಬ ಚರಿತ್ರೆ ತುಂಡಾಗುತ್ತದೆ. ಆಕಾರವನ್ನಷ್ಟೇ ತಿದ್ದಿ. ಉಳಿಸುವಾಗ ಏನು ಬದಲಿಸಿದಿರಿ, ಯಾವ ಆಧಾರದ ಮೇಲೆ ಎಂಬುದನ್ನು ಒಂದು ಸಾಲು ಬರೆಯಿರಿ.

ಶಿಬಿರ ನಡೆಸುವವರಲ್ಲಿ ಒಂದು ಕೋರಿಕೆ: ಕೊನೆಯ ಒಂದು ಗಂಟೆ ಹೊಸ ಗೆರೆ ಎಳೆಸಬೇಡಿ. ಅಂದು ಸೇರಿಸಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ ನಕ್ಷೆ ತಿದ್ದುವ ಜೋಸ್ಮ್ ತಂತ್ರಾಂಶಕ್ಕೆ ಇಳಿಸಿಕೊಂಡು, ಅದರಲ್ಲಿ ತಪ್ಪು ಹುಡುಕುವ ವ್ಯಾಲಿಡೇಟರ್ ತೋರಿಸುವ ದೋಷಗಳನ್ನು ಗೆರೆ ಎಳೆದವರ ಕೈಯಿಂದಲೇ ತಿದ್ದಿಸಿ. ಎಣಿಕೆ ಸ್ವಲ್ಪ ಇಳಿದರೆ ಇಳಿಯಲಿ.