ಹರಿಯುವ ಮುನ್ನ ಯಾವ ಕಾಗದವೆಂದು ನೋಡಿ

ಮಾನ್ಯರೆ,

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೋರ್ಟ್ನಿ ಬೌಲ್ಸ್ ಮತ್ತು ಮಾರ್ಕ್ ಸ್ಟ್ರಾಂಡ್‌ಕ್ವಿಸ್ಟ್ 2014ರಲ್ಲಿ ಶುರು ಮಾಡಿದ ‘ಪೀಪಲ್ಸ್ ಪೇಪರ್ ಕೋ-ಆಪ್’ನಲ್ಲಿ ಜೈಲಿನಿಂದ ಹೊರಬಂದ ಮಹಿಳೆಯರು ಕ್ರಿಮಿನಲ್ ದಾಖಲೆಗಳನ್ನು ಚೂರು ಮಾಡಿ, ಅರೆದು, ಕೈಕಾಗದ ತಯಾರಿಸುತ್ತಾರೆ. ಅವರ ಪೋಸ್ಟರ್‌ಗಳ ಮಾರಾಟದ ಹಣ ತಾಯಂದಿರ ದಿನದ ಹೊತ್ತಿಗೆ ಜೈಲಿನಲ್ಲಿರುವ ತಾಯಂದಿರ ಜಾಮೀನಿಗೆ ಹೋಗಿದೆ. ಇಲ್ಲೂ ಹಾಗೇ ಮಾಡೋಣ ಎನ್ನುವ ಸಂಘಗಳಿಗೆ ಕೈಕಾಗದದ ಕೆಲಸ ಬಲ್ಲ ನಮ್ಮ ನಾಲ್ಕು ಮಾತು.

ಅಲ್ಲಿ ಕಾಗದ ಅರೆಯುವುದರ ಜೊತೆಗೆ ವಕೀಲರು ಕೂತು ದಾಖಲೆ ಅಳಿಸುವ ಅರ್ಜಿಯನ್ನೂ ಹಾಕಿಸುತ್ತಾರೆ. ನಮ್ಮಲ್ಲಿ ಬಾಲನ್ಯಾಯ ಕಾಯ್ದೆ 2015ರ 24ನೇ ಸೆಕ್ಷನ್ ಮಕ್ಕಳ ದಾಖಲೆಗೆ ಅಂಥ ದಾರಿ ಕೊಟ್ಟಿದೆ. ವಯಸ್ಕರಿಗೆ ಅಂಥ ಕಾಯ್ದೆ ಇಲ್ಲ. ಹಾಗಾಗಿ ಇಲ್ಲಿ ಅರೆಯುವುದು ಜೆರಾಕ್ಸ್ ಪ್ರತಿ ಮಾತ್ರ ಆಗಿರಲಿ. ಖುಲಾಸೆ ಆದೇಶ, ಜಾಮೀನು ಆದೇಶ, ಬಿಡುಗಡೆ ಪತ್ರ ಇವುಗಳ ದೃಢೀಕೃತ ಪ್ರತಿಗಳನ್ನು ಮೊದಲೇ ಬೇರೆ ಫೈಲಿಗೆ ಹಾಕಿ. ನಾಳೆ ಪಾಸ್‌ಪೋರ್ಟಿಗೋ ಕೆಲಸಕ್ಕೋ ಪೊಲೀಸ್ ಪರಿಶೀಲನೆ ಬಂದಾಗ ಕೈಗೆ ಆಗುವುದು ಅವೇ. ಉದ್ದುದ್ದ ಪಟ್ಟಿ ಕತ್ತರಿಸುವ ಯಂತ್ರವನ್ನು ನಂಬಬೇಡಿ, ಸಾಕ್ಷಿಗಳ ಹೆಸರು ಹಾಗೇ ಓದಲು ಸಿಗುತ್ತದೆ. ಉಗುರಿನಷ್ಟು ಚೂರು ಮಾಡಿ.

ಎ4 ಹಾಳೆ ಒಂದಕ್ಕೆ ಸುಮಾರು 5 ಗ್ರಾಂ. ಇಪ್ಪತ್ತು ಹಾಳೆಗೆ ಹತ್ತು ದಪ್ಪ ಹಾಳೆ ಬರುತ್ತವೆ. ಪಿನ್ನು, ಲ್ಯಾಮಿನೇಷನ್ ಕಿತ್ತು ರಾತ್ರಿಯಿಡೀ ನೆನೆಸಿ. ಮಿಕ್ಸಿ ಜಾರಿನ ಮುಕ್ಕಾಲು ಭಾಗ ನೀರಿಗೆ ಒಂದೇ ಹಿಡಿ ಹಾಕಿ. ಆಸೆಬಿದ್ದು ತುಂಬಿದರೆ ಮೋಟಾರು ಸುಡುತ್ತದೆ. ಆ ಇಪ್ಪತ್ತು ಹಾಳೆ, ಅಂದರೆ 100 ಗ್ರಾಂ ಕಾಗದ ಅರೆದ ತಿರುಳಿಗೆ ತೊಟ್ಟಿಯಲ್ಲಿ 20 ಲೀಟರ್ ನೀರು. ಜಾಲರಿ ಚೌಕಟ್ಟಿನಲ್ಲಿ ಒಂದೆರಡು ಹಾಳೆ ಎತ್ತಿದ ಮೇಲೆ ಇನ್ನಷ್ಟು ತಿರುಳು ಸೇರಿಸಿ ಕಲಕದಿದ್ದರೆ ಮುಂದಿನವು ತೂತು ಬೀಳುತ್ತವೆ. ಆಫೀಸ್ ಕಾಗದದ ನಾರು ಗಿಡ್ಡ, ಅದೊಂದರಿಂದಲೇ ಮಾಡಿದ ಹಾಳೆ ಮಡಿಸಿದರೆ ಮುರಿಯುತ್ತದೆ. ನಾಲ್ಕರಲ್ಲಿ ಒಂದು ಪಾಲು ಹತ್ತಿ ತಿರುಳು ಬೆರೆಸಿ. ಜೆರಾಕ್ಸ್ ಟೋನರ್ ಕರಗದೆ ಕರಿ ಚುಕ್ಕೆಯಾಗಿ ಉಳಿಯುತ್ತದೆ. ಬ್ಲೀಚ್ ಮಾಡಲು ಹೋಗಬೇಡಿ, ಈ ಕಾಗದಕ್ಕೆ ಆ ಚುಕ್ಕೆಯೇ ಚೆಂದ. ಬಿಸಿಲಿಗಿಟ್ಟರೆ ಹಾಳೆ ಸುರುಳಿಯಾಗುತ್ತದೆ; ಬಟ್ಟೆಯ ಮೇಲೆ ಮಗುಚಿ, ಒತ್ತಿ, ನೆರಳಲ್ಲಿ ಒಣಗಿಸಿ. ಮಳೆಗಾಲದಲ್ಲಿ ಬೂಷ್ಟು ಖಂಡಿತ, ದಸರಾ ಕಳೆದ ಮೇಲೆ ಶುರು ಮಾಡಿ.

ಇನ್ನು ಕೂಲಿ. ಬಸ್ಸೇನೋ ಶಕ್ತಿ ಯೋಜನೆಯಲ್ಲಿ ಉಚಿತ, ಆದರೆ ಮನೆಗೆಲಸವನ್ನೋ ಗಾರ್ಮೆಂಟ್ಸನ್ನೋ ಬಿಟ್ಟು ಬಂದವರ ಆ ದಿನದ ಸಂಬಳ ಯಾರು ಕೊಡಬೇಕು? ಉದ್ಘಾಟನೆಯ ಶಾಲು-ಹಾರಕ್ಕೆ ಹಣ ಎತ್ತಿಡುವ ಮುಂಚೆ ದಿನಗೂಲಿ ಎತ್ತಿಡಿ. ಮಾರಾಟವಾದರಷ್ಟೇ ಪಾಲು ಎನ್ನುವ ಕರಾರು ಬೇಡ. ಮುಖ ಕಾಣುವ ಫೋಟೊಗೆ ಪ್ರತಿಸಲವೂ ಬೇರೆಯಾಗಿ ಒಪ್ಪಿಗೆ ಕೇಳಿ, ಏಕೆಂದರೆ ಪತ್ರಿಕೆಯನ್ನು ಬಾಡಿಗೆ ಮನೆಯ ಮಾಲೀಕರೂ ಓದುತ್ತಾರೆ. ಜಾಮೀನಿನ ಮೇಲಿರುವವರ ಕೋರ್ಟ್ ತಾರೀಕು ಮತ್ತು ಠಾಣೆಗೆ ಸಹಿ ಹಾಕುವ ದಿನಗಳನ್ನು ಬರೆದುಕೊಂಡು, ಉಳಿದ ದಿನಗಳಲ್ಲಿ ತರಗತಿ ಇಟ್ಟುಕೊಳ್ಳಿ.

— ಕೈಕಾಗದ ತಯಾರಿಕೆ ಕಲಿಸುವವರು, ಬೆಂಗಳೂರು